ಸವೆದ ಗುಂಡಿಗಳ ಮನೆ

ಗೇಟಿಗೆ ಬೋರ್ಡು ಇಲ್ಲ. ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಯೊಂದರ ಅಡ್ಡರಸ್ತೆ, ಎರಡೂ ಬದಿಗೆ ಹೊಂಗೆ ಮರ, ತಿರುವಿನಲ್ಲಿ ಇಸ್ತ್ರಿ ಗಾಡಿ. ಎರಡು ಸಲ ಮನೆ ದಾಟಿ ಮುಂದೆ ಹೋಗಿ ಹಿಂದಕ್ಕೆ ಬಂದೆ. ಕೊನೆಗೆ ಇಸ್ತ್ರಿಯವರನ್ನೇ ಕೇಳಿದೆ. "ಆಟದ ಸಾಮಾನಿನ ಮನೆನಾ ಸರ್? ಗೇಟಲ್ಲಿ ಸೈಕಲ್ ಬೆಲ್ ಕಟ್ಟಿದಾರಲ್ಲ, ಅದೇ" ಎಂದರು.

ಹೌದು, ಗೇಟಿನ ಕಂಬಿಗೆ ಸೈಕಲ್ ಬೆಲ್‌ಗಳನ್ನು ಒಂದರ ಮೇಲೊಂದು ಕಟ್ಟಿದ್ದಾರೆ. ಆರೋ ಏಳೋ ಇದ್ದವು. ಬೇರೆ ಕರೆಗಂಟೆ ಇಲ್ಲ. ಯಾವುದನ್ನು ಬಾರಿಸಬೇಕೆಂದು ಒಂದು ಕ್ಷಣ ತೋಚಲಿಲ್ಲ. ಎಲ್ಲಕ್ಕಿಂತ ಕೆಳಗಿನ ಬೆಲ್ಲಿನ ಹೊಳಪು ಪೂರ್ತಿ ಹೋಗಿತ್ತು. ಐದಾರು ವರ್ಷದ ಮಗುವಿನ ಕೈಗೆ ಎಟಕುವ ಎತ್ತರ ಅದು. ಮೇಲಿನವು ಈಗಷ್ಟೇ ಅಂಗಡಿಯಿಂದ ತಂದಂತೆ ಮಿಂಚುತ್ತಿದ್ದವು. ನಾನೂ ಬಗ್ಗಿ ಕೆಳಗಿನದನ್ನೇ ಬಾರಿಸಿದೆ. ಒಳಗೆ ಹೋದ ಮೇಲೂ ನನ್ನ ಕಣ್ಣು ಅದನ್ನೇ ಹುಡುಕತೊಡಗಿತು: ಯಾವ ವಸ್ತು ಎಲ್ಲಿ ಸವೆದಿದೆ?

ಮನೆಯವರು ಒಂದೇ ಷರತ್ತು ಹಾಕಿದ್ದರು. ಹೆಸರು, ವಿಳಾಸ ಬರೆಯಬಾರದು. ಇರುವುದೇ ನಾಲ್ಕೈದು ಕೋಣೆ, ಜನ ನುಗ್ಗಿದರೆ ಸಂಭಾಳಿಸಲಾಗದು ಎಂದರು. ಒಪ್ಪಿಕೊಂಡೆ. ಊರೂರು ಸುತ್ತುವಾಗ, ಗುಜರಿ ಅಂಗಡಿಗಳಲ್ಲಿ, ಭಾನುವಾರದ ಸಂತೆಗಳಲ್ಲಿ ಅವರು ಕೂಡಿಹಾಕಿದ ಯಂತ್ರದ ಆಟಿಕೆಗಳು, ಗ್ಯಾಜೆಟ್‌ಗಳು ಇಲ್ಲಿವೆ. ಕೆಲವು ಈಗಲೂ ಮಾರಾಟದಲ್ಲಿವೆ, ಕೆಲವು ನಿಂತುಹೋಗಿವೆ. ಎಲ್ಲದರಲ್ಲೂ ಒಂದಿಷ್ಟು ಹುಡುಗಾಟ ಬೆರೆತಿದೆ.

ತೋರಿಸಲು ಒಬ್ಬ ಹುಡುಗಿ ಬಂದಳು. ಎಂಜಿನಿಯರಿಂಗ್ ಕೊನೆಯ ವರ್ಷವಂತೆ. ನನ್ನ ಜೊತೆಗೆ ಆ ಹೊತ್ತಿಗೆ ಬಂದವರು ಇಬ್ಬರೇ, ಒಬ್ಬ ಅಜ್ಜ ಮತ್ತು ಅವರ ಮೊಮ್ಮಗ. ಹುಡುಗನಿಗೆ ಎಂಟು ಇರಬಹುದು. ಚಪ್ಪಲಿ ಬಿಡುತ್ತಾ "ಮುಟ್ಟಬಹುದಾ?" ಎಂದು ಕೇಳಿದೆ. "ಗಾಜಿನ ಒಳಗಿರೋದು ಬಿಟ್ಟು ಎಲ್ಲ ಮುಟ್ಟಿ ಸರ್. ಮುರಿದ್ರೆ ಹಿಂದುಗಡೆ ಶೆಡ್ ಇದೆ" ಎಂದಳು.

ಮೊದಲ ಕೋಣೆಯಲ್ಲಿ ಪ್ಲಗ್ ಪಾಯಿಂಟೇ ಇಲ್ಲ. ಕೆಂಪು ನೆಲ, ಎರಡು ಕಿಟಕಿ, ಉದ್ದನೆಯ ಮೇಜು. ಮೇಜಿನ ಮಧ್ಯೆ ಸ್ಟೀಲಿನ ಪರಾತದ ತುಂಬ ನೀರು, ಅದರಲ್ಲಿ ಅಂಗೈಯಷ್ಟಗಲದ ತಗಡಿನ ದೋಣಿ. ಪರಿಷೆಯಲ್ಲಿ, ಜಾತ್ರೆಯಲ್ಲಿ ಇದಕ್ಕಾಗಿ ಅತ್ತವರಲ್ಲಿ ನಾನೂ ಒಬ್ಬ. ಹುಡುಗಿ ಎಣ್ಣೆಬತ್ತಿ ಹಚ್ಚಿ ದೋಣಿಯ ಹೊಟ್ಟೆಯೊಳಕ್ಕೆ ಸರಿಸಿದಳು. ಅರ್ಧ ನಿಮಿಷ ಏನೂ ಆಗಲಿಲ್ಲ. ಕೆಟ್ಟಿದೆಯೇನೋ ಅಂದುಕೊಳ್ಳುವಷ್ಟರಲ್ಲಿ ಪಟಪಟಪಟ ಎಂದು ಸದ್ದು ಎದ್ದಿತು, ದೋಣಿ ಪರಾತದ ಅಂಚು ಹಿಡಿದು ಸುತ್ತತೊಡಗಿತು.

ಅದರೊಳಗೆ ಚಕ್ರವಿಲ್ಲ, ರೆಕ್ಕೆಯಿಲ್ಲ, ಗೇರಿಲ್ಲ. ಒಂದು ತೆಳು ತಗಡಿನ ಡಬ್ಬಿ, ಅದರಿಂದ ಹಿಂಬದಿಗೆ ನೀರಿನೊಳಗೆ ಹೋದ ಎರಡು ಕೊಳವೆ, ಅಷ್ಟೇ. ಡಬ್ಬಿಯ ನೀರು ಕಾದು ಆವಿಯಾಗಿ ಕೊಳವೆಯ ನೀರನ್ನು ಹಿಂದಕ್ಕೆ ದೂಡುತ್ತದೆ. ಆವಿ ಕೊಳವೆಗೆ ಇಳಿದು ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ನೀರು ಮತ್ತೆ ಒಳಕ್ಕೆ ಬರುತ್ತದೆ. ಡಬ್ಬಿಯ ಮೇಲಿನ ತಗಡು ಉಬ್ಬಿ ತಗ್ಗಿ ಪಟಪಟ ಎನ್ನುತ್ತದೆ. ಇಂಥ ದೋಣಿಗೆ ಬ್ರಿಟನ್ನಿನಲ್ಲಿ ಪೇಟೆಂಟ್ ಆದದ್ದು 1891ರಲ್ಲಿ.

"ಒಳಗೆ ಎಳೆದುಕೊಂಡಾಗ ದೋಣಿ ಹಿಂದಕ್ಕೆ ಹೋಗಬೇಕಲ್ಲ?" ಎಂದು ಅಜ್ಜ ಕೇಳಿದರು. ನನ್ನ ಬಾಯಲ್ಲಿದ್ದ ಪ್ರಶ್ನೆಯೂ ಅದೇ. ಹುಡುಗಿ ಇನ್ನೊಂದು ಬತ್ತಿ ಹಚ್ಚಿ ಅವರ ಮುಂದೆ ಹಿಡಿದಳು. "ಊದಿ ಆರಿಸಿ ಅಜ್ಜ." ಆರಿಸಿದರು. ಮತ್ತೆ ಹಚ್ಚಿದಳು. "ಈಗ ಉಸಿರು ಒಳಗೆ ಎಳೆದು ಆರಿಸಿ." ಅಜ್ಜ ಎಳೆದರು, ಮೊಮ್ಮಗನೂ ಎಳೆದ, ಬತ್ತಿ ಅಲುಗಲೂ ಇಲ್ಲ. ಊದಿದ್ದು ಒಂದೇ ದಿಕ್ಕಿಗೆ ಬಾಣದಂತೆ ಹೋಗುತ್ತದೆ, ಎಳೆದದ್ದು ಸುತ್ತಲಿಂದ ಬರುತ್ತದೆ. ನೀರಿಗೂ ಅದೇ ನ್ಯಾಯ. ಹಾಗಾಗಿ ದೋಣಿಗೆ ಸಿಗುವ ಲಾಭ ಮುಂದಕ್ಕೇ. ಶಾಲೆಯಲ್ಲಿ ನ್ಯೂಟನ್ನನ ನಿಯಮ ಓದುವಾಗ ಯಾರೂ ನನಗೆ ಹೀಗೆ ಬತ್ತಿ ಹಿಡಿದಿರಲಿಲ್ಲ.

ಪಕ್ಕದಲ್ಲಿ ಗಾಜಿನ ಹಕ್ಕಿ. ಲೋಟದ ನೀರಿಗೆ ಕೊಕ್ಕು ಅದ್ದುತ್ತದೆ, ಎದ್ದು ನಿಲ್ಲುತ್ತದೆ, ತೂಗಾಡಿ ಮತ್ತೆ ಬಗ್ಗುತ್ತದೆ. ಅಮೆರಿಕದಲ್ಲಿ 1946ರಲ್ಲಿ ಪೇಟೆಂಟ್ ಆದ ಆಟಿಕೆ ಇದು. ಹಕ್ಕಿಯ ತಲೆಗೆ ಬಟ್ಟೆ ಸುತ್ತಿದೆ. ಅದರಲ್ಲಿನ ನೀರು ಆರುವಾಗ ತಲೆ ತಣ್ಣಗಾಗಿ ಒಳಗಿನ ಆವಿ ಕುಗ್ಗುತ್ತದೆ, ಬೇಗ ಆವಿಯಾಗುವ ಬಣ್ಣದ ದ್ರವ ಬುಡದಿಂದ ಕುತ್ತಿಗೆಗೆ ಏರುತ್ತದೆ, ತಲೆ ಭಾರವಾಗಿ ಹಕ್ಕಿ ಬಗ್ಗುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಕಾರಣವೇ ಇಲ್ಲಿ ಹಕ್ಕಿಯನ್ನು ಕುಣಿಸುತ್ತಿದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬಟ್ಟೆ ಬೇಗ ಆರುವುದಿಲ್ಲ, ಹಕ್ಕಿ ಸೋಮಾರಿಯಾಗುತ್ತದೆ. ಆಷಾಢದ ಮಂಗಳೂರಿನಲ್ಲಿ ಇದಕ್ಕೆ ರಜೆ ಕೊಡುವುದೇ ಒಳ್ಳೆಯದು.

ಮೇಜಿನ ತುದಿಯಲ್ಲಿ ಕೆಂಪು ಚೌಕಟ್ಟಿನ ಎಚ್-ಎ-ಸ್ಕೆಚ್. 1960ರಿಂದ ಮಾರಾಟವಾಗುತ್ತಿರುವ ಚಿತ್ರದ ಹಲಗೆ. ಎಡಗುಂಡಿ ತಿರುಗಿಸಿದರೆ ಗೆರೆ ಅಡ್ಡಕ್ಕೆ, ಬಲಗುಂಡಿ ತಿರುಗಿಸಿದರೆ ಉದ್ದಕ್ಕೆ. ಗಾಜಿನ ಒಳಮೈಗೆ ಅಂಟಿದ ಅಲ್ಯೂಮಿನಿಯಂ ಪುಡಿಯನ್ನು ಒಂದು ಮೊನೆ ಕೆರೆಯುತ್ತಾ ಹೋಗುತ್ತದೆ, ಅಷ್ಟೇ ವಿದ್ಯೆ. ಅಲ್ಲಾಡಿಸಿದರೆ ಪುಡಿ ಮತ್ತೆ ಹರಡಿ ಎಲ್ಲ ಅಳಿಸಿಹೋಗುತ್ತದೆ. ಮೊಮ್ಮಗ ಕ್ಷಣದಲ್ಲಿ ಮೆಟ್ಟಿಲು, ಅದರ ತುದಿಗೊಂದು ಮನೆ ಬರೆದ. ನಾನು 'ಅ' ಬರೆಯಲು ಹೋದೆ. ಐದು ನಿಮಿಷ ಗುದ್ದಾಡಿದರೂ ಅದು 'ಅ' ಆಗಲಿಲ್ಲ, ಕಾಲು ಮುರಿದ ಕುರ್ಚಿಯಂತೆ ಕಂಡಿತು. ನಮ್ಮ ಲಿಪಿಯೋ ಮೈಯೆಲ್ಲ ಬಳುಕು. ಗುಂಡಗಿನ ಗೆರೆ ಬೇಕಾದರೆ ಎರಡೂ ಕೈ ಒಟ್ಟಿಗೆ, ಬೇರೆ ಬೇರೆ ವೇಗದಲ್ಲಿ ತಿರುಗಬೇಕು. ಇಂಗ್ಲಿಷಿನ 'ಎಲ್' ಅಕ್ಷರ ಎರಡೇ ತಿರುವಿಗೆ ಮುಗಿಯಿತು. ಆ ಹಲಗೆಯ ಒಂದು ಗುಂಡಿ ಬಿಳಿ ಪ್ಲಾಸ್ಟಿಕ್ಕಿನದು, ಇನ್ನೊಂದು ಅರಿಶಿನ ಬಣ್ಣದ್ದು. ಯಾಕೆಂದು ಕೇಳಲು ಮರೆತೆ.

ಕಿಟಕಿಯ ಬಳಿ ರೂಬಿಕ್ಸ್ ಕ್ಯೂಬ್‌ಗಳ ಬುಟ್ಟಿ. ಬುಡಾಪೆಸ್ಟಿನಲ್ಲಿ ವಿನ್ಯಾಸ ಕಲಿಸುತ್ತಿದ್ದ ಮೇಷ್ಟರೊಬ್ಬರು 1974ರಲ್ಲಿ ಮಾಡಿದ್ದು. ಕಳಚಿ ಬೀಳದೆ ಎಲ್ಲ ಕಡೆಗೂ ತಿರುಗುವ ತುಂಡುಗಳನ್ನು ಜೋಡಿಸುವುದು ಹೇಗೆ ಎಂಬುದು ಅವರ ಮೊದಲ ತಲೆನೋವಾಗಿತ್ತು. ಜೋಡಿಸಿ, ಬಣ್ಣ ಹಚ್ಚಿ, ನಾಲ್ಕು ಸಲ ತಿರುವಿದ ಮೇಲೆ ಹಿಂದಿನ ಸ್ಥಿತಿಗೆ ತರಲು ಅವರಿಗೇ ಸುಮಾರು ಒಂದು ತಿಂಗಳು ಹಿಡಿಯಿತು. ಇದರ ಬಣ್ಣಗಳನ್ನು ಕಲಸಬಹುದಾದ ಬಗೆಗಳನ್ನು ಬರೆಯಲು 43ರ ಮುಂದೆ ಹದಿನೆಂಟು ಅಂಕಿ ಬೇಕು. ಆದರೂ ಎಂಥ ಕಲಸುಮೇಲೋಗರವನ್ನೂ ಹೆಚ್ಚೆಂದರೆ 20 ತಿರುವಿನಲ್ಲಿ ಸರಿಪಡಿಸಬಹುದು ಎಂದು 2010ರಲ್ಲಿ ಗಣಿತದವರು ಕಂಪ್ಯೂಟರ್ ಹಿಡಿದು ತೋರಿಸಿದ್ದಾರೆ. ಬುಟ್ಟಿಯಲ್ಲಿದ್ದ ಕ್ಯೂಬ್‌ಗಳ ಮೂಲೆಯ ಬಣ್ಣವೆಲ್ಲ ಉದುರಿತ್ತು. ಒಂದನ್ನಂತೂ ಯಾರೋ ಸ್ಟಿಕ್ಕರ್ ಕಿತ್ತು ಅಂಟಿಸಿಯೇ 'ಪರಿಹರಿಸಿದ್ದರು'. ಅವರ ಮೇಲೆ ನನಗೆ ಗೌರವ ಹುಟ್ಟಿತು.

ಅಲ್ಲಿಂದ ಮಹಡಿಗೆ. ಮೆಟ್ಟಿಲಿಗೆ ಕಪ್ಪು ಬಿಳುಪು ಪಟ್ಟಿ, ಒಂದೊಂದು ಮೆಟ್ಟಿಲಿಗೆ ಒಂದೊಂದು ಸ್ವರ. ಹತ್ತಿದರೆ ಆರೋಹಣ, ಇಳಿದರೆ ಅವರೋಹಣ. ಇಂಥದ್ದು ಹೆಸರಾದದ್ದು ಸ್ವೀಡನ್ನಿನಲ್ಲಿ. 2009ರಲ್ಲಿ ಸ್ಟಾಕ್‌ಹೋಮಿನ ಓಡೆನ್‌ಪ್ಲಾನ್ ಮೆಟ್ರೊ ನಿಲ್ದಾಣದ ಮೆಟ್ಟಿಲನ್ನು ಹೀಗೆ ಪಿಯಾನೊ ಮಾಡಿದರು, ಪಕ್ಕದಲ್ಲಿ ಎಸ್ಕಲೇಟರ್ ಓಡುತ್ತಿತ್ತು. ಮಾಮೂಲಿಗಿಂತ 66% ಹೆಚ್ಚು ಜನ ಮೆಟ್ಟಿಲು ಹತ್ತಿದರು ಎಂದು ಪ್ರಚಾರವಾಯಿತು. ಅದು ಕಾರು ಕಂಪನಿಯೊಂದರ ಜಾಹೀರಾತು ಎಂಬುದನ್ನೂ ಹೇಳಿಬಿಡಬೇಕು. ಮೂರನೇ ತಿಂಗಳೂ ಅಷ್ಟೇ ಜನ ಹತ್ತುತ್ತಿದ್ದರೇ ಎಂಬ ಅನುಮಾನ ನನ್ನದು. ಮೊಮ್ಮಗ ನಾಲ್ಕು ಸಲ ಹತ್ತಿಳಿದ. ಅಜ್ಜ ಒಂದೇ ಸಲ ಹತ್ತಿದರು, ಮಂಡಿ ಹಿಡಿದುಕೊಂಡು, ಆದರೆ ಪ್ರತಿ ಸ್ವರಕ್ಕೂ ನಿಂತು ಕೇಳಿಸಿಕೊಂಡು.

ಮೇಲಿನ ಹಜಾರ ಪೂರ್ತಿ ಸದ್ದಿನದು. ಬಾಗಿಲ ಬಳಿಯೇ ಒಂದು ಮರದ ಪೆಟ್ಟಿಗೆ, ಅದರಿಂದ ನೆಟ್ಟಗೆ ಎದ್ದ ಒಂದು ಸರಳು, ಪಕ್ಕಕ್ಕೆ ಚಾಚಿದ ಒಂದು ಬಳೆಯಾಕಾರದ ಕಂಬಿ. ಥೆರೆಮಿನ್. ರಷ್ಯಾದಲ್ಲಿ 1920ರ ಸುಮಾರಿಗೆ ಹುಟ್ಟಿದ ವಾದ್ಯ, ಮುಟ್ಟದೆ ನುಡಿಸುವಂಥದ್ದು. ಎಲ್ಲವನ್ನೂ ಮುಟ್ಟಿ ಎಂದ ಮನೆಯಲ್ಲಿ ಇದೊಂದನ್ನು ಮುಟ್ಟುವ ಹಾಗಿಲ್ಲ. ಸರಳಿನ ಹತ್ತಿರ ಬಲಗೈ ತಂದಷ್ಟೂ ಸ್ವರ ಏರುತ್ತದೆ, ಕಂಬಿಯ ಹತ್ತಿರ ಎಡಗೈ ತಂದಷ್ಟೂ ದನಿ ತಗ್ಗುತ್ತದೆ. ಪೆಟ್ಟಿಗೆಯೊಳಗೆ ನಮ್ಮ ಕಿವಿಗೆ ಕೇಳದಷ್ಟು ವೇಗದಲ್ಲಿ ಕಂಪಿಸುವ ಎರಡು ವಿದ್ಯುತ್ ಮಂಡಲಗಳಿವೆ. ನಮ್ಮ ಕೈ ಹತ್ತಿರ ಬಂದಾಗ ಒಂದರ ಕಂಪನ ಚೂರು ಬದಲಾಗುತ್ತದೆ, ಎರಡರ ನಡುವಿನ ವ್ಯತ್ಯಾಸ ನಮಗೆ ಸ್ವರವಾಗಿ ಕೇಳುತ್ತದೆ. ಮೈಯೇ ವಾದ್ಯದ ಭಾಗ.

ನಾನು ಕೈ ಆಡಿಸಿದಾಗ ಬಂದದ್ದು ಬೆಕ್ಕಿನ ಜಗಳ. ಅಜ್ಜ ಮುಂದೆ ಬಂದರು. ಸ್ವಲ್ಪ ಹುಡುಕಾಡಿ ಒಂದು ಕಡೆ ಕೈ ನಿಲ್ಲಿಸಿದರು, ಗಂಟಲಲ್ಲೇ ಷಡ್ಜ ಹಿಡಿದು ಹೊಂದಿಸಿದರು. ಆಮೇಲೆ ಬೆರಳು ಸಣ್ಣಗೆ ಅಲುಗಿಸಿದರು. ನನಗೆ ಸಂಗೀತ ಬಾರದು, ಆದರೂ ಅದು ಗಮಕ ಎಂದು ಕೇಳಿದರೆ ಗೊತ್ತಾಗುತ್ತಿತ್ತು. ಕೀಲಿಮನೆಗಳಿಲ್ಲದ, ಸ್ವರದಿಂದ ಸ್ವರಕ್ಕೆ ಜಾರುವ ಈ ವಾದ್ಯ ಪಿಯಾನೊಗಿಂತ ನಮ್ಮ ಸಂಗೀತಕ್ಕೆ ಹತ್ತಿರವೇನೋ. ಮೊಮ್ಮಗ ಆಸೆಯಿಂದ ಪಕ್ಕಕ್ಕೆ ಬಂದದ್ದೇ ತಡ, ಶ್ರುತಿ ಕೆಟ್ಟಿತು. ಅವನ ಮೈಯನ್ನೂ ಪೆಟ್ಟಿಗೆ ಲೆಕ್ಕಕ್ಕೆ ಹಿಡಿದಿತ್ತು. "ದೂರ ನಿಂತ್ಕೊಳೋ, ಅಪಸ್ವರ ನೀನು" ಎಂದು ಅಜ್ಜ ನಕ್ಕರು.

ಮುಂದಿನ ಮೇಜಿನಲ್ಲಿ ನೀಲಿ ಬೆಳ್ಳಿ ಬಣ್ಣದ ವಾಕ್‌ಮನ್, 1979ರ ಜುಲೈಯಲ್ಲಿ ಜಪಾನಿನಲ್ಲಿ ಬಂದ ಮೊದಲ ಮಾದರಿ. ಅದಕ್ಕೆ ಹೆಡ್‌ಫೋನ್ ಸಿಕ್ಕಿಸುವ ತೂತು ಎರಡಿವೆ. ಒಬ್ಬರೇ ಕಿವಿ ಮುಚ್ಚಿಕೊಂಡು ಹಾಡು ಕೇಳುವುದು ಪಕ್ಕದವರಿಗೆ ಮರ್ಯಾದೆಗೇಡು ಅನ್ನಿಸೀತು ಎಂಬ ಅಳುಕು ಮಾಡಿದವರಿಗಿತ್ತು. ಅದಕ್ಕೇ ಇಬ್ಬರಿಗೆ ಕೇಳುವ ವ್ಯವಸ್ಥೆ, ಜೊತೆಗೊಂದು ಕಿತ್ತಳೆ ಗುಂಡಿ. ಅದನ್ನು ಒತ್ತಿದರೆ ಹಾಡು ತಗ್ಗಿ, ಮೈಕಿನ ಮೂಲಕ ಎದುರಿನವರ ಮಾತು ಕೇಳುತ್ತದೆ. ಮುಂದಿನ ಮಾದರಿಗಳಲ್ಲಿ ಆ ಗುಂಡಿ ಕಾಣೆಯಾಯಿತು. ಇಲ್ಲಿನ ವಾಕ್‌ಮನ್ನಿನಲ್ಲೂ ಪ್ಲೇ ಗುಂಡಿ ಸವೆದಿದೆ, ಕಿತ್ತಳೆ ಗುಂಡಿಯ ಬಣ್ಣ ಮಾಸಿಲ್ಲ. ಯಾರಿಗೂ ಹಾಡು ನಿಲ್ಲಿಸಿ ಮಾತು ಕೇಳುವ ತಾಳ್ಮೆ ಇರಲಿಲ್ಲ ಎಂದು ಓದಿಕೊಳ್ಳಬೇಕೋ, ಬರೀ ಇದೊಂದರ ಕಥೆಯೋ, ತೀರ್ಮಾನಿಸಲಾರೆ.

ಹಜಾರದ ಕೊನೆಯಲ್ಲಿ ತಟ್ಟೆ ತುಂಬ ಏಲಕ್ಕಿ ಬಾಳೆಹಣ್ಣು. ಪ್ರಸಾದವಿರಬೇಕು ಅಂದುಕೊಂಡೆ. ಪ್ರತಿ ಹಣ್ಣಿಗೂ ಮೊಸಳೆಬಾಯಿಯ ಕ್ಲಿಪ್ ಕಚ್ಚಿಸಿ, ತಂತಿಯನ್ನು ಪುಟ್ಟ ಹಲಗೆಯೊಂದಕ್ಕೆ, ಹಲಗೆಯನ್ನು ಕಂಪ್ಯೂಟರಿಗೆ ಸೇರಿಸಿದ್ದರು. ಇದು ಮೇಕಿ ಮೇಕಿ, 2012ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಜನರಿಂದ ಮುಂಗಡ ಹಣ ಕೂಡಿಸಿ ಹೊರತಂದದ್ದು. ಒಂದು ಕೈಯಲ್ಲಿ ನೆಲದ ತಂತಿ, ಅಂದರೆ ಅರ್ಥಿಂಗ್ ತಂತಿ ಹಿಡಿದು ಇನ್ನೊಂದು ಕೈಯಲ್ಲಿ ಹಣ್ಣು ತಟ್ಟಿದರೆ, ನಮಗೆ ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ತು ಮೈಯಲ್ಲಿ ಹರಿದು ಸುತ್ತು ಪೂರ್ತಿಯಾಗುತ್ತದೆ. ಕಂಪ್ಯೂಟರು ಅದನ್ನು ಕೀಲಿ ಒತ್ತಿದಂತೆ ತಿಳಿಯುತ್ತದೆ, ಸ್ವರ ಹೊಮ್ಮುತ್ತದೆ. ಹಣ್ಣಿನ ಬದಲು ನೀರು, ಸೌತೆಕಾಯಿ, ಚಪಾತಿ ಹಿಟ್ಟು ಯಾವುದಾದರೂ ಆದೀತು.

ಹುಡುಗಿ ನಮ್ಮನ್ನು ಸಾಲಾಗಿ ನಿಲ್ಲಿಸಿದಳು. ಅಜ್ಜನ ಕೈಯಲ್ಲಿ ತಂತಿ, ಅವರ ಇನ್ನೊಂದು ಕೈ ನನ್ನ ಕೈಯಲ್ಲಿ, ನನ್ನ ಇನ್ನೊಂದು ಕೈ ಮೊಮ್ಮಗನ ಕೈಯಲ್ಲಿ. ಅವನು ಹಣ್ಣು ಮುಟ್ಟಿದ. ಸ್ವರ ಬಂತು. ನಾನು ಕೈ ಬಿಟ್ಟೆ, ನಿಂತಿತು. ಹಿಡಿದೆ, ಬಂತು. ಪರಿಚಯವೇ ಇಲ್ಲದ ಮನುಷ್ಯರ ಕೈ ಹಿಡಿದು ನಿಲ್ಲಲು ಮೊದಲಿಗೆ ಸಂಕೋಚವಾಗಿತ್ತು. ಆಮೇಲೆ ಎಷ್ಟು ಹೊತ್ತು ಹಾಗೇ ನಿಂತಿದ್ದೆವೋ ನೆನಪಿಲ್ಲ. ಬಾಳೆಹಣ್ಣುಗಳೆಲ್ಲ ಕಪ್ಪಾಗಿ ಮೆತ್ತಗಾಗಿದ್ದವು. ಆ ಮನೆಯಲ್ಲಿ ಅತ್ಯಂತ ವೇಗವಾಗಿ ಸವೆಯುವ ಗುಂಡಿಗಳು ಅವೇ. ಸಂಜೆಗೆ ಹಸುವಿಗೆ ಹಾಕುತ್ತಾರಂತೆ.

ಎಡಗಡೆಯ ಕೋಣೆ ಪುಟ್ಟ ಪರದೆಗಳದು. ಇಲ್ಲಿ ಬೇಗ ಸಾಗಿದೆ, ಮೊಮ್ಮಗ ಮಾತ್ರ ಕದಲಲಿಲ್ಲ. 1989ರ ಗೇಮ್ ಬಾಯ್ ಬೂದು ಇಟ್ಟಿಗೆಯಂತಿದೆ. ಪರದೆಯಲ್ಲಿ ನಾಲ್ಕೇ ಛಾಯೆ. ಅದೇ ಕಾಲದಲ್ಲಿ ಬಣ್ಣದ ಪರದೆಯ ಎದುರಾಳಿಗಳು ಬಂದವು, ಆರು ಪೆನ್ಸಿಲ್ ಸೆಲ್ ಹಾಕಿದರೂ ಕೆಲವೇ ಗಂಟೆಗಳಲ್ಲಿ ಖಾಲಿ ಮಾಡುತ್ತಿದ್ದವು. ಇದು ನಾಲ್ಕೇ ಸೆಲ್‌ನಲ್ಲಿ ಹತ್ತಾರು ಗಂಟೆ ಓಡುತ್ತಿತ್ತು. ಇದನ್ನು ರೂಪಿಸಿದ ಜಪಾನೀಯನ ನಂಬಿಕೆಯೇ ಹಾಗಿತ್ತು: ಹೊಚ್ಚಹೊಸ ದುಬಾರಿ ತಂತ್ರಜ್ಞಾನದ ಹಿಂದೆ ಓಡಬೇಡ, ಪಳಗಿದ ಅಗ್ಗದ ತಂತ್ರಜ್ಞಾನಕ್ಕೆ ಹೊಸ ಆಟ ಕಲಿಸು. ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದು, ಬಿಡುವಿನಲ್ಲಿ ಮಾಡಿಕೊಂಡ ಉದ್ದಗೈಯ ಆಟಿಕೆಯಿಂದ ಮೇಲೆ ಬಂದವನು ಆತ. ಪಕ್ಕದಲ್ಲಿ 1996ರ ತಮಾಗೊಚಿ, ಕೋಳಿಮೊಟ್ಟೆಯಾಕಾರದ ಸಾಕುಪ್ರಾಣಿ. ಹೊತ್ತಿಗೆ ಸರಿಯಾಗಿ ಊಟ ಹಾಕಬೇಕು, ಹೇಲು ಬಳಿಯಬೇಕು, ಮರೆತರೆ ಸಾಯುತ್ತದೆ. ಇದನ್ನು ಆಟ ಎಂದು ಕರೆದು ಮಾರಿದವರ ಧೈರ್ಯ ದೊಡ್ಡದು.

ಅದೇ ಸಾಲಿನಲ್ಲಿ ಹಳದಿ ಪ್ಲೇಡೇಟ್, 2022ರದು. ಬದಿಗೆ ಮಡಚಿಟ್ಟ ಪುಟ್ಟ ಹಿಡಿಕೆ, ಹೊಲಿಗೆ ಯಂತ್ರದ ಹಿಡಿಕೆಯ ಮರಿಯಂತೆ. ಚಾರ್ಜ್ ಮಾಡಲು ಇರಬೇಕು ಎಂದು ಸುತ್ತಿದೆ. ಪರದೆಯ ಮೇಲಿದ್ದ ಬೊಂಬೆ ಮುಂದಕ್ಕೆ ಓಡಿತು. ಹಿಂದಕ್ಕೆ ಸುತ್ತಿದೆ, ಬೊಂಬೆ ಹಿಮ್ಮುಖವಾಗಿ ನಡೆಯಿತು. ಹಿಡಿಕೆ ಇರುವುದು ಆಟಕ್ಕೇ. ಮುಟ್ಟುಪರದೆಯ ಕಾಲದಲ್ಲಿ ಕಪ್ಪು ಬಿಳುಪು ಪರದೆ, ಕೈಯಿಂದ ಸುತ್ತುವ ಹಿಡಿಕೆ! ಅಜ್ಜ ಅದನ್ನು ಕೈಗೆ ತೆಗೆದುಕೊಂಡು, "ಕಾಫಿಬೀಜದ ಮಿಷನ್ನು ನೆನಪಾಗತ್ತೆ" ಎಂದು ಸುಮ್ಮನೆ ಸುತ್ತುತ್ತಾ ಕುಳಿತರು. ಆಟದಲ್ಲಿ ಅವರು ಗೆದ್ದರೋ ಸೋತರೋ, ಅವರಿಗಂತೂ ಅದರ ಗೊಡವೆ ಇರಲಿಲ್ಲ.

ಬಾಗಿಲ ಬಳಿ ಏನೋ ಕಾಲಿಗೆ ಬಡಿಯಿತು. ಎರಡು ಗಾಲಿಯ ಗಡಿಯಾರ, ಕ್ಲಾಕಿ. ಅಲಾರಾಂ ಹೊಡೆದ ಮೇಲೆ ಮಂಚದ ಪಕ್ಕದಿಂದ ನೆಲಕ್ಕೆ ಹಾರಿ, ಕಿರುಚುತ್ತಾ ಕೋಣೆಯ ಮೂಲೆಗೆ ಓಡಿ ಅಡಗುತ್ತದೆ. ನಿಲ್ಲಿಸಬೇಕಾದರೆ ಎದ್ದು ಹುಡುಕಬೇಕು. ಭಾರತೀಯ ಮೂಲದ ವಿದ್ಯಾರ್ಥಿನಿಯೊಬ್ಬಳು ಅಮೆರಿಕದಲ್ಲಿ ಓದುವಾಗ ಮಾಡಿದ್ದು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಕೆಲಸಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಇದಕ್ಕೆ 2005ರಲ್ಲಿ ಬಂತು, ಅದೂ ಅರ್ಥಶಾಸ್ತ್ರದಲ್ಲಿ. ಜನ ಬೇಗ ಎದ್ದರೆ ದುಡಿಯುವ ಹೊತ್ತು ಹೆಚ್ಚುತ್ತದೆ ಎಂಬ ತರ್ಕ! ಇದರ ಮೈತುಂಬ ಗೀರು. ಸೋಮಾರಿಗಳ ಸಿಟ್ಟೂ ಅದರಲ್ಲಿ ಸೇರಿರಬಹುದು.

ಇಷ್ಟು ನೋಡಿ ಗಾಜಿನ ಕೋಣೆಗೆ ಬಂದೆವು. ತಣ್ಣಗಿತ್ತು, ಸದ್ದಿಲ್ಲ. ನಡುವಿನ ಪೆಟ್ಟಿಗೆಯಲ್ಲಿ ಬೆಳ್ಳಿ ಬಣ್ಣದ ನಾಯಿಯೊಂದು ಕಾಲು ಚಾಚಿ ಮಲಗಿತ್ತು. ಐಬೊ, ಜಪಾನಿನ ರೋಬೊ ನಾಯಿ. 1999ರಲ್ಲಿ ಎರಡೂವರೆ ಲಕ್ಷ ಯೆನ್ ಬೆಲೆಗೆ ಬಂದಾಗ ಜಪಾನಿಗೆಂದು ಇಟ್ಟ 3,000 ನಾಯಿಗಳು 20 ನಿಮಿಷದಲ್ಲಿ ಮಾರಾಟವಾದವು. 2006ರಲ್ಲಿ ತಯಾರಿಕೆ ನಿಂತಿತು, 2014ರಲ್ಲಿ ರಿಪೇರಿಯೂ ನಿಂತಿತು. ಮರುವರ್ಷದಿಂದ ಚೀಬಾ ಪ್ರಾಂತದ ಇಸುಮಿ ಎಂಬಲ್ಲಿನ ಬೌದ್ಧ ಗುಡಿಯೊಂದರಲ್ಲಿ ಇವುಗಳಿಗೆ ಉತ್ತರಕ್ರಿಯೆ ನಡೆಯತೊಡಗಿತು. ಮಂತ್ರ, ಧೂಪ, ಪ್ರತಿ ನಾಯಿಗೂ ಮನೆಯವರ ಹೆಸರಿನ ಚೀಟಿ. ಕ್ರಿಯೆ ಮುಗಿದ ಮೇಲೆ ಅವುಗಳ ಬಿಡಿಭಾಗ ತೆಗೆದು ಇನ್ನೂ ಓಡಾಡುವ ನಾಯಿಗಳಿಗೆ ಜೋಡಿಸುತ್ತಿದ್ದರು, ಅಂಗದಾನದಂತೆ. 2018ರಲ್ಲಿ ಹೊಸ ತಲೆಮಾರಿನ ನಾಯಿ ಬಂದಿದೆ, ನಿಜ. ಹಳೆಯದು ಹಳೆಯದೇ.

ಪಕ್ಕದಲ್ಲಿ ಬಿಳಿ ಪ್ಲಾಸ್ಟಿಕ್ ಮೊಲ, ನಬಾಜ್‌ಟ್ಯಾಗ್. ಫ್ರಾನ್ಸಿನದು, 2005. ಹೆಸರಿಗೆ ಅರ್ಮೇನಿಯನ್ ಭಾಷೆಯಲ್ಲಿ ಮೊಲ ಎಂದೇ ಅರ್ಥ. ಇಂಟರ್‌ನೆಟ್ಟಿಗೆ ಸಿಕ್ಕಿಸಿದರೆ ಕಿವಿ ಆಡಿಸುತ್ತಿತ್ತು, ಹೊಟ್ಟೆಯ ದೀಪದಲ್ಲಿ ನಾಳೆಯ ಹವೆ ತೋರಿಸುತ್ತಿತ್ತು, ಸುದ್ದಿ ಓದುತ್ತಿತ್ತು. ಸ್ಮಾರ್ಟ್ ಸ್ಪೀಕರ್‌ಗಳು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ! ಅದರ ಬುದ್ಧಿಯೆಲ್ಲ ದೂರದ ಸರ್ವರಿನಲ್ಲಿತ್ತು. 2011ರಲ್ಲಿ ಆ ಸರ್ವರು ಬಂದ್ ಆಯಿತು. ಒಂದು ದಿನ ಸಾವಿರಾರು ಮನೆಗಳಲ್ಲಿ ಮೊಲಗಳು ಕಿವಿ ಇಳಿಬಿಟ್ಟವು. ಮೊಲದಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಎರಡೂ ಹೊಸದರಂತೆ ಹೊಳೆಯುತ್ತಿದ್ದವು. ಒಂದು ಗೀರಿಲ್ಲ. ಹೊಳೆಯುವುದೆಲ್ಲ ಸತ್ತಿದೆ, ಸವೆದದ್ದೆಲ್ಲ ಬದುಕಿದೆ ಎಂದು ಮನಸ್ಸಿನಲ್ಲೇ ಒಂದು ಸಾಲು ಕಟ್ಟಿಕೊಂಡೆ. ಕಟ್ಟಿದ ಕೂಡಲೇ ಅದು ಕುಂಟಿತು. ಗಾಜಿನೊಳಗೆ ಇಟ್ಟರೆ ಯಾವುದು ಸವೆಯುತ್ತದೆ? ಅದೂ ಅಲ್ಲದೆ, ನಾಯಿಗೆ ಉತ್ತರಕ್ರಿಯೆ ಮಾಡಿದವರ ಪ್ರೀತಿ ಕ್ಯೂಬ್ ತಿರುಗಿಸುವವರ ಪ್ರೀತಿಗಿಂತ ಕಡಿಮೆಯೇ? ಇರಲಾರದು. ಇಲ್ಲಿ ಕೊರತೆಯಾದದ್ದು ಮೋಜಲ್ಲ, ಪ್ರೀತಿಯೂ ಅಲ್ಲ. ಬಿಡಿಭಾಗ ಸಿಗಲಿಲ್ಲ, ಬೀಗದ ಕೈ ಬೇರೆಯವರ ಹತ್ತಿರ ಇತ್ತು. ಇದನ್ನೇ ಹುಡುಗಿಗೆ ಹೇಳಿದೆ. "ಆ ಮೊಲದ ಒಳಗಿನದನ್ನು ತೆಗೆದು ಪುಟ್ಟ ಕಂಪ್ಯೂಟರ್ ಹಾಕೋ ಕಿಟ್ 2019ರಲ್ಲಿ ಬಂತು ಸರ್, ಮೊಲ ಮಾಡಿದ ತಂಡದವರೇ ತಂದ್ರು. ನಮ್ಮದಕ್ಕೂ ಹಾಕಬೇಕು. ಹಾಕಿದ ಮೇಲೆ ಗಾಜಿಂದ ಆಚೆ ತರ್ತೀವಿ" ಎಂದಳು.

ಕೊನೆಗೆ ಹಿತ್ತಲಿನ ಶೆಡ್. ತೆಂಗಿನ ಮರದ ಕೆಳಗೆ ಶೀಟು ಹೊದಿಸಿದ ಕೋಣೆ. ಬೆಸುಗೆಯ ವಾಸನೆ, ಡಬ್ಬಿಗಳಲ್ಲಿ ಸ್ಕ್ರೂ, ಗೋಡೆಗೆ ನೇತುಹಾಕಿದ ಇಕ್ಕಳಗಳು. ಮೂಲೆಯಲ್ಲಿ ಚಿಕ್ಕ ಲೇತ್. ಚನ್ನಪಟ್ಟಣದಲ್ಲಿ ಕೆಲಸ ಕಲಿತ ಹಿರಿಯರೊಬ್ಬರು ಹಾಲೆ ಮರದ ತುಂಡೊಂದನ್ನು ಕಡೆಯುತ್ತಿದ್ದರು. ಬೆಣ್ಣೆಯಂತೆ ಬಿಳಿಯ, ಮೆತ್ತನೆ ಮರ. ತಿರುಗುತ್ತಿರುವ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರು. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿತು. ಮೇಲೆ ಒಣ ಗರಿಯಿಂದ ಒತ್ತಿ ಉಜ್ಜಿದ ಮೇಲೆ ಕನ್ನಡಿಯಂಥ ಹೊಳಪು. ಬೆಂಕಿ ಇಲ್ಲ, ಕುಂಚ ಇಲ್ಲ. ಬಣ್ಣ ಹಳದಿ. ಆಗ ನೆನಪಾಯಿತು: ಮೊದಲ ಕೋಣೆಯ ಚಿತ್ರದ ಹಲಗೆಯ ಅರಿಶಿನ ಗುಂಡಿ! ಮೂಲ ಗುಂಡಿ ಸವೆದು ಒಡೆದಾಗ ಇವರೇ ಮಾಡಿ ಹಾಕಿದ್ದು. ಇದು ನಾಲ್ಕನೆಯದಂತೆ.

ಎದುರಿನ ಬೆಂಚಿನಲ್ಲಿ ಎರಡು ಕಾಗದದ ವಸ್ತುಗಳಿದ್ದವು. ಒಂದು ಫೋಲ್ಡ್‌ಸ್ಕೋಪ್. ಭಾರತೀಯ ಮೂಲದ ವಿಜ್ಞಾನಿಯೊಬ್ಬರ ಅಮೆರಿಕದ ಪ್ರಯೋಗಾಲಯದಿಂದ 2014ರಲ್ಲಿ ಬಂದ, ಮಡಚಿ ಮಾಡುವ ಸೂಕ್ಷ್ಮದರ್ಶಕ. ಗಟ್ಟಿ ಕಾಗದ, ಸಾಸಿವೆಗಿಂತ ದೊಡ್ಡದಲ್ಲದ ಮಸೂರ. ಒಳಗೆ ಬಳಸುವ ಸಾಮಗ್ರಿಯ ಖರ್ಚು ಒಂದು ಡಾಲರಿಗೂ ಕಡಿಮೆ. 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಮೊದಲ ಸುತ್ತಿನಲ್ಲೇ ಸುಮಾರು 50,000ವನ್ನು 130ಕ್ಕೂ ಹೆಚ್ಚು ದೇಶಗಳಿಗೆ ಹಂಚಿದ್ದರು. ಮೊಮ್ಮಗ ಈರುಳ್ಳಿ ಸಿಪ್ಪೆಯ ಪೊರೆ ಇಟ್ಟು ಬೆಳಕಿಗೆ ಹಿಡಿದ. "ಇಟ್ಟಿಗೆ ಗೋಡೆ ಅಜ್ಜಾ!" ಎಂದು ಕೂಗಿದ. ನನಗೆ ಮಾತ್ರ ಮೊದಲ ಎರಡು ನಿಮಿಷ ಕಂಡದ್ದು ನನ್ನದೇ ರೆಪ್ಪೆಗೂದಲು.

ಇನ್ನೊಂದನ್ನು ಕಂಡು ನಕ್ಕುಬಿಟ್ಟೆ. ದುಂಡನೆಯ ಕಾಗದದ ಬಿಲ್ಲೆ, ನಡುವೆ ತೂತು, ತೂತಿನಲ್ಲಿ ದಾರ, ದಾರದ ಎರಡು ತುದಿಗೆ ಕಡ್ಡಿ. ಅಂಗಿಯ ದೊಡ್ಡ ಗುಂಡಿಗೆ, ಇಲ್ಲವೆ ಕಲ್ಲಲ್ಲಿ ಜಜ್ಜಿ ಚಪ್ಪಟೆ ಮಾಡಿದ ಸೋಡಾ ಮುಚ್ಚಳಕ್ಕೆ ದಾರ ಪೋಣಿಸಿ, ಹುರಿ ಹಾಕಿ, ಎಳೆದು ಬಿಟ್ಟು, ಗುಂಯ್ ಎನ್ನಿಸುತ್ತಿದ್ದೆವಲ್ಲ, ಅದೇ! ಅದೇ ಪ್ರಯೋಗಾಲಯ 2017ರಲ್ಲಿ ಇದನ್ನು ಪೇಪರ್‌ಫ್ಯೂಜ್ ಎಂದು ಜಗತ್ತಿಗೆ ತೋರಿಸಿತು. ತೂಕ ಎರಡು ಗ್ರಾಂ, ಖರ್ಚು 20 ಸೆಂಟ್, ವೇಗ ನಿಮಿಷಕ್ಕೆ 1,25,000 ಸುತ್ತಿನವರೆಗೆ. ಬಿಲ್ಲೆಗೆ ಸಣ್ಣ ಕೊಳವೆಯಲ್ಲಿ ರಕ್ತ ಸಿಕ್ಕಿಸಿ ಎಳೆದರೆ ಒಂದೂವರೆ ನಿಮಿಷದಲ್ಲಿ ಪ್ಲಾಸ್ಮಾ ಬೇರೆಯಾಗುತ್ತದೆ, 15 ನಿಮಿಷದಲ್ಲಿ ಮಲೇರಿಯಾ ಪರಾವಲಂಬಿಯನ್ನು ಬೇರ್ಪಡಿಸಬಹುದು. ಕರೆಂಟಿಲ್ಲದ ಊರಿನ ಆಸ್ಪತ್ರೆಗೆ ಬೇಕಾದ ಯಂತ್ರ ನಮ್ಮ ಚಡ್ಡಿ ಜೇಬಿನಲ್ಲಿತ್ತು, ನಾವು ಅದನ್ನು ಪಕ್ಕದವರ ಜಡೆಗೋ ಕಿವಿಗೋ ತಾಗಿಸಿ ಏಟು ತಿನ್ನುತ್ತಿದ್ದೆವು.

ಬಿಲ್ಲೆಯನ್ನು ಹಿಡಿದು ಎಳೆದೆ. ಮೊದಲ ಸಲ ದಾರ ಸಿಕ್ಕಾಯಿತು. ಎರಡನೆಯ ಸಲ ಕೈಗೆ ಹಳೆಯ ಲಯ ಬಂತು. ಎಳೆಯುವುದಕ್ಕಿಂತ ಬಿಡುವುದು ಮುಖ್ಯ, ಅದು ಬೆರಳಿಗೆ ಇನ್ನೂ ನೆನಪಿತ್ತು. ಅಜ್ಜ ತಮ್ಮ ಸರದಿಗೆ ಕಾದು ನಿಂತಿದ್ದರು.

ಹೊರಡುವಾಗ ಹೊತ್ತು ನೋಡಿದೆ. ಒಂದು ಗಂಟೆ ಎಂದು ಹೋದವನು ಮೂರೂವರೆ ಗಂಟೆ ಕಳೆದಿದ್ದೆ. ಬೆಲೆಬಾಳುವ, ಬುದ್ಧಿವಂತ, ಚೆಂದದ ವಸ್ತುಗಳನ್ನು ಅಲ್ಲಿ ನೋಡಿದೆ. ಆದರೆ ಓಡುತ್ತಿದ್ದದ್ದು, ಜನರನ್ನು ಸುತ್ತ ಸೇರಿಸುತ್ತಿದ್ದದ್ದು ಒಳಗಿನ ಕೆಲಸವನ್ನು ಮುಚ್ಚಿಡದೆ ನಮ್ಮ ಕೈಗೂ ಒಂದಿಷ್ಟು ಉಳಿಸಿಟ್ಟ ವಸ್ತುಗಳೇ. ವಿನ್ಯಾಸದ ಪಂಡಿತರು ಇದನ್ನು ಒಪ್ಪುತ್ತಾರೋ ಇಲ್ಲವೋ, ನನ್ನ ಕಣ್ಣಿಗೆ ಕಂಡದ್ದು ಇಷ್ಟು.

ಆ ಮನೆಯ ವಿಳಾಸ ಕೊಡಲಾರೆ. ಅಲ್ಲಿಗೇ ಹೋಗಬೇಕೆಂದೂ ಇಲ್ಲ. ನಿಮ್ಮ ಮನೆಯ ಅಟ್ಟ ಹತ್ತಿ, ಹಳೆಯ ಪೆಟ್ಟಿಗೆ ತೆರೆದು, ಅತಿ ಹೆಚ್ಚು ಸವೆದ ಆಟಿಕೆ ಯಾವುದು ನೋಡಿ. ಮುಂದಿನ ಸಲ ಮಕ್ಕಳಿಗೆಂದು ಹೊಸ ಗ್ಯಾಜೆಟ್ ಕೊಳ್ಳುವಾಗ ಅದನ್ನು ಮಗುಚಿ ಹಿಂಬದಿ ನೋಡಿ: ಸ್ಕ್ರೂ ಇದೆಯೇ, ಸೆಲ್ ಬದಲಿಸಬಹುದೇ, ನೆಟ್ ಹೋದರೂ ಆಡುತ್ತದೆಯೇ? ಮೂರಕ್ಕೂ ಇಲ್ಲ ಎಂಬ ಉತ್ತರ ಬಂದರೆ ಕೆಳಗಿಟ್ಟುಬಿಡಿ. ಒಂದು ದೊಡ್ಡ ಗುಂಡಿ, ಒಂದು ಮೊಳ ದಾರ ಮನೆಯಲ್ಲೇ ಸಿಗುತ್ತದೆ.